ಗೋಡೆಯಾಚೆಯ ಹಾಲಿನ ಕ್ಯಾನು

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ, ನೀವೇ ಹೇಳಿ. ರೈಫಲ್ಲಿನಿಂದ ಶುರುಮಾಡಿದರೆ ಅದು ಯಾವಾಗ ಢಂ ಅನ್ನುತ್ತದೋ ಎಂದು ಕಿವಿ ಮುಚ್ಚಿಕೊಂಡೇ ಓದುತ್ತೀರಿ. ಮಗುವಿನಿಂದ ಶುರುಮಾಡಿದರೆ ಇನ್ನೂ ಏನೂ ಆಗಿರದಿದ್ದರೂ ಅಯ್ಯೋ ಪಾಪ ಎನ್ನುತ್ತೀರಿ. ಹಾಗಾಗಿ ಅಂಗಡಿಯಿಂದ ಹೊರಡುತ್ತೇನೆ. ಅಂಗಡಿಯಿಂದ ಹೊರಟ ಕಥೆಗೆ ಯಾರೂ ಹೆದರುವುದಿಲ್ಲ.

ನಾರ್ತ್ ಡಕೋಟಾದ ನಮ್ಮೂರಿನಲ್ಲಿ ಇರುವುದು ಒಂದೇ ಅಂಗಡಿ, ವರ್ಲಿನ್‌ನದು. ದನದ ಮೇವು, ಟ್ರ್ಯಾಕ್ಟರ್ ಬೆಲ್ಟು, ಕೈಗವಸು, ತೋಟಾ, ಕಾಫಿ ಎಲ್ಲ ಅಲ್ಲೇ. ಕಾಫಿ ಪುಕ್ಕಟೆ, ಆದರೆ ಅದರ ಜೊತೆ ಬರುವ ಬುದ್ಧಿಮಾತನ್ನು ಬೇಡ ಅನ್ನುವಂತಿಲ್ಲ. ಒಂದು ಬೆಳಿಗ್ಗೆ ಆರಿನ್ ಟ್ವೆಟೆನ್ ಅಲ್ಲಿಗೆ ಬಂದು ಟೋಪಿ ತೆಗೆದು ಕೌಂಟರಿನ ಮೇಲಿಟ್ಟ.

"ಮನೆ ಕಾಯೋಕೆ ಅಂತ ಇಟ್ಕೊಳ್ಳೋ ರೈಫಲ್ಲಿಗೆ ಯಾವ ತೋಟಾ ಒಳ್ಳೇದು, ವರ್ಲಿನ್?"

"ನಿಮ್ಮನೇಗೆ ಬರೋ ಕಳ್ಳ ಕದಿಯೋದೇನು, ಆರ್ಡಿಸ್ ಓವನ್ನಲ್ಲಿ ಬೇಯಿಸಿದ ಆಲೂಗಡ್ಡೆ ಹಾಟ್‌ಡಿಶ್ಶಾ?"

"ಅದನ್ನ ತಗೊಂಡ್ರೆ ನಾನೇ ಬಾಗಿಲು ತೆಗೆದು ಕಳಿಸಿಕೊಡ್ತೀನಿ. ಅದ್ರಲ್ಲಿ ಉಪ್ಪೇ ಇರಲ್ಲ."

ವರ್ಲಿನ್ ಎರಡು ಡಬ್ಬಿ ಇಟ್ಟ. "ಇದು ಪೂರ್ತಿ ತಾಮ್ರ ಹೊದ್ದಿರೋದು. ಅಗ್ಗ. ಆದ್ರೆ ಹೊರಟರೆ ನಿಲ್ಲಲ್ಲ, ಗೋಡೆ ಗೀಡೆ ಎಲ್ಲ ದಾಟ್ಕೊಂಡು ಹೋಗುತ್ತೆ. ಇದು ಮೂತಿ ಟೊಳ್ಳು. ಹಗುರ. ತಗುಲಿದ ಕೂಡ್ಲೆ ಒಡ್ಕೊಂಡು ಅಲ್ಲೇ ಮುಗಿಯುತ್ತೆ. ಕಾಯೋಟಿ ನರಿಗೆ ಹೊಡೀತೀಯಲ್ಲ, ಅದೇ."

"ಗೋಡೇಲಿ ನಿಲ್ಲುತ್ತಾ?"

"ನಿಲ್ಲುತ್ತೆ ಅಂತಾರೆ."

"ಯಾರಂತಾರೆ?"

"ಡಬ್ಬಿ ಮೇಲೆ ಬರ್ದಿರೋರು."

ಆರಿನ್ ಎರಡನ್ನೂ ಕೊಂಡ.

(ಹಿಂದಿನ ಕರಡಿನಲ್ಲಿ ಈ ಎರಡು ಡಬ್ಬಿಗಳ ನಡುವೆ ಪುಟಗಟ್ಟಲೆ ವಿವರಣೆ ಇತ್ತು. ಗುಂಡಿನ ತೂಕ, ವೇಗ, ಇಳಿಯುವ ಆಳ. ಬರೆಯುವಾಗ ಭಾರಿ ಪಂಡಿತನಾಗಿದ್ದೆ. ಓದಿ ನೋಡಿದರೆ ನನಗೇ ನಿದ್ದೆ ಬಂತು. ಹರಿದು ಹಾಕಿದೆ.)

೨

ಆರಿನ್ ಯಾರೆಂದು ಹೇಳಲೇ ಇಲ್ಲ. ಊರಿನ ಧಾನ್ಯದ ಉಗ್ರಾಣದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪ್ರತಿ ಶರತ್ಕಾಲದಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಹುಡುಗ ಹುಡುಗಿಯರಿಗೆ ಬೇಟೆಯ ಶಿಸ್ತು ಕಲಿಸುತ್ತಾನೆ. ಈ ಊರಿನಲ್ಲಿ ಜಿಂಕೆಗೆ ಗುರಿಯಿಟ್ಟವರೆಲ್ಲ ಅವನ ಬಾಯಿಂದ ಒಂದು ಮಾತು ಕೇಳಿದವರೇ: ಗುರಿ ನೋಡು, ಗುರಿಯ ಹಿಂದೆ ಏನಿದೆ ಅದನ್ನೂ ನೋಡು. ದಿಬ್ಬದ ನೆತ್ತಿಯ ಮೇಲೆ ನಿಂತ ಜಿಂಕೆಗೆ ಅವನು ಜನ್ಮದಲ್ಲಿ ಗುಂಡು ಹಾರಿಸಿಲ್ಲ. ದಿಬ್ಬದಾಚೆ ಯಾರಿದ್ದಾರೋ ಯಾರು ಬಲ್ಲರು ಎನ್ನುತ್ತಾನೆ. ನಾನು ಇಲ್ಲಿನ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತ ತಲೆ ನರೆಸಿಕೊಂಡವನು, ಅವನ ನೆರೆಯವನು. ನಮ್ಮಿಬ್ಬರ ನಡುವೆ ಒಂದು ಗೋಧಿ ಹೊಲ.

ಅವನ ಮಗಳು ಸೋನ್ಯಾ ತೈಲಬಾವಿಯ ಕ್ಯಾಂಪಿನಲ್ಲಿ ಅಡುಗೆ ಕೆಲಸಕ್ಕೆ ಹೋಗುವುದರಿಂದ ಮೊಮ್ಮಗಳು ಮ್ಯಾರಿಟ್ ಈಗ ಅಜ್ಜ ಅಜ್ಜಿಯ ಜೊತೆಗಿದ್ದಾಳೆ. ಕಳೆದ ತಿಂಗಳು ಪಕ್ಕದ ರಸ್ತೆಯ ಒಂದು ಮನೆಯವರು ಚರ್ಚಿಗೆ ಹೋಗಿದ್ದಾಗ ಯಾರೋ ಬಾಗಿಲು ಮುರಿದರು. ಮನೆಯಲ್ಲಿ ಜ್ವರದಿಂದ ಮಲಗಿದ್ದ ಮುದುಕಿಯ ಕೈ ಮುರಿಯಿತು. ಆರಿನ್‌ಗೆ ನಿದ್ದೆ ಹೋದದ್ದು ಅಂದಿನಿಂದ.

೨ (ಇನ್ನೊಮ್ಮೆ)

ಇಲ್ಲಿ ನಾನೊಂದು ಕಿತಾಪತಿ ಮಾಡಿದೆ. ಕಥೆಗೆ ಬೇಕಾಗುತ್ತದೆಂದು ಒಬ್ಬ ಕಳ್ಳನನ್ನು ಗೊತ್ತುಮಾಡಿದೆ. ಅವನು ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಪಿಕಪ್ ನಿಲ್ಲಿಸಿಕೊಂಡು, ಗಾಜಿನ ಪೆಟ್ಟಿಗೆಯಲ್ಲಿ ಒಣಗಿದ ಪಿಜ್ಜಾ ತಿನ್ನುತ್ತ, ನಾನು ಕರೆಯಲೆಂದು ಕಾಯುತ್ತಿದ್ದಾನೆ.

ಮೊದಲ ಅಂತ್ಯ ಹೀಗಿತ್ತು: ಕಳ್ಳ ಬರುತ್ತಾನೆ. ಆರಿನ್ ಮಲಗುವ ಕೋಣೆಯ ಬಾಗಿಲಲ್ಲಿ ನಿಂತು ಹೊಡೆಯುತ್ತಾನೆ. ಸರಿಯಾದ ತೋಟಾ ಆರಿಸಿದ್ದರಿಂದ ಗುಂಡು ಗೋಡೆಯಲ್ಲೇ ನಿಲ್ಲುತ್ತದೆ. ಎಲ್ಲರೂ ಕ್ಷೇಮ. ಓದುಗರು ಉಸಿರು ಬಿಡುತ್ತಾರೆ.

ಇದನ್ನು ಆರ್ಡಿಸ್‌ಗೆ ಓದಿ ಹೇಳಿದೆ. ಆರ್ಡಿಸ್ ಎಂದರೆ ಆರಿನ್‌ನ ಹೆಂಡತಿ, ಉಪ್ಪಿಲ್ಲದ ಹಾಟ್‌ಡಿಶ್ಶಿನ ಒಡತಿ. ಅವಳು ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಯಾವ ಗೋಡೇಲಿ ನಿಂತಿತು ಮೇಷ್ಟ್ರೇ?"

"ಯಾವುದೋ ಗೋಡೆ."

"ನಮ್ಮನೇಲಿ ಯಾವುದೋ ಗೋಡೆ ಅಂತಿಲ್ಲ. ಇದು ಕಾರ್ಖಾನೇಲಿ ಕಟ್ಟಿ ಲಾರಿ ಮೇಲೆ ತಂದಿಟ್ಟ ಮನೆ, ಗೋಡೆ ಎಲ್ಲ ತೆಳು. ನಾನು ಈ ಕಡೆ ಸೀನಿದ್ರೆ ಆ ಕಡೆ ಇರೋರು ಒಳ್ಳೇದಾಗಲಿ ಅಂತಾರೆ. ನಮ್ಮ ಕೋಣೆ ಒಂದು ತುದಿ, ಮಧ್ಯೆ ಉದ್ದಕ್ಕೆ ಓಣಿ ಥರ ಜಾಗ, ಹೊರಬಾಗಿಲು, ಇನ್ನೊಂದು ತುದೀಲಿ ಮಗು. ಬರ್ದೋರಿಗೆ ಅಷ್ಟೂ ಗೊತ್ತಾಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ಮನೆಯ ನಕ್ಷೆ ಬಿಡಿಸದೆ ಕಥೆಗೆ ಇಳಿದಿದ್ದೆ.

೩

ಪರೀಕ್ಷೆ ಮಾಡದೆ ನಂಬುವುದು ಇಲ್ಲಿನವರ ಜಾಯಮಾನವಲ್ಲ. ಮಧ್ಯಾಹ್ನ ಆರಿನ್ ಪಿಕಪ್ಪಿನ ಹಿಂದೆ ಗೋಡೆ ಕಟ್ಟುವ ಒಂದಿಷ್ಟು ಜಿಪ್ಸಮ್ ಹಲಗೆ, ಮರದ ಪಟ್ಟಿ, ನೀರು ತುಂಬಿದ ಹಾಲಿನ ಪ್ಲಾಸ್ಟಿಕ್ ಕ್ಯಾನುಗಳನ್ನು ಹೇರಿಕೊಂಡು ಜಲ್ಲಿಗುಂಡಿಗೆ ಹೊರಟ. ಇಲ್ಲಿ ಯಾರೂ ಖಾಲಿ ಹಾಲಿನ ಕ್ಯಾನು ಎಸೆಯುವುದಿಲ್ಲ, ಎಲ್ಲರ ಗ್ಯಾರೇಜಿನಲ್ಲೂ ಗುರಿ ಹೊಡೆಯುವುದಕ್ಕೆಂದೇ ಒಂದು ರಾಶಿ ಇರುತ್ತದೆ. ಆರ್ಡಿಸ್ ಮತ್ತು ನಾನು ಜೊತೆಗೆ ಹೋದೆವು. ಮ್ಯಾರಿಟ್ ಶಾಲೆಯಲ್ಲಿದ್ದಳು.

ಆರಿನ್ ತನ್ನ ಮನೆಯ ಗೋಡೆಯನ್ನು ಅಲ್ಲಿ ಹಾಗೇ ಕಟ್ಟಿದ. ನಡುಮನೆಯ ಗೋಡೆ, ಅದರ ಹಿಂದೆ ಮಗುವಿನ ಕೋಣೆಯ ಗೋಡೆ, ಒಂದೊಂದಕ್ಕೂ ಎರಡೆರಡು ಹಲಗೆ, ಅದರ ಹಿಂದೆ ನೀರಿನ ಕ್ಯಾನು. ಕ್ಯಾನುಗಳಿಗೆಲ್ಲ ಮುಖ ಇತ್ತು. ಮ್ಯಾರಿಟ್ ಮಳೆ ಬಂದ ದಿನ ಗ್ಯಾರೇಜಿನಲ್ಲಿ ಕೂತು ದಪ್ಪ ಪೆನ್ನಿನಲ್ಲಿ ಕಣ್ಣು, ಮೂಗು, ನಗು ಬರೆದಿದ್ದಳಂತೆ. ಆರಿನ್ ಅದನ್ನು ನೋಡಿ, ಕ್ಯಾನಿನ ಮುಖವನ್ನು ಆ ಕಡೆ ತಿರುಗಿಸಿ ಇಟ್ಟ.

ತಾಮ್ರದ್ದನ್ನು ಹೊಡೆದ. ನಾಲ್ಕೂ ಹಲಗೆ ದಾಟಿ, ಕ್ಯಾನು ದಾಟಿ, ಹಿಂದಿನ ಮಣ್ಣಿನ ದಿಣ್ಣೆಗೆ ಹೋಯಿತು. ಅದು ನಿರೀಕ್ಷೆಯದೇ. ಕ್ಯಾನು ಬದಲಿಸಿ ಟೊಳ್ಳು ಮೂತಿಯದನ್ನು ಹೊಡೆದ. ಮೊದಲ ಗೋಡೆಯಲ್ಲಿ ಸಣ್ಣ ತೂತು, ಎರಡನೆಯದರಲ್ಲಿ ಹರಿದಂಥ ದೊಡ್ಡ ತೂತು. ಹೋಗಿ ನೋಡಿದೆವು. ಗುಂಡು ಚೂರುಗಳಾಗಿ ಬಂದಿದ್ದರೂ ಕ್ಯಾನಿನವರೆಗೆ ಬಂದೇ ಬಂದಿತ್ತು. ಕ್ಯಾನಿನ ಬೆನ್ನಿನಿಂದ ನೀರು ಸಣ್ಣಗೆ ಸೋರುತ್ತಿತ್ತು.

"ಇದು ಬಹಳ ಕಡಿಮೆ ಹೋಗಿದೆ, ನೋಡು," ಎಂದ ಆರಿನ್.

ಆರ್ಡಿಸ್ ಕ್ಯಾನನ್ನು ಎತ್ತಿಕೊಂಡು ಈ ಕಡೆ ತಿರುಗಿಸಿದಳು. "ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ತಾನು ಬಚ್ಚಲಲ್ಲಿ ಬಿದ್ದಿತ್ತಂತೆ. ಇಷ್ಟು ವರ್ಷ ಊರ ಮಕ್ಕಳಿಗೆಲ್ಲ ಹಿಂದೇನಿದೆ ನೋಡು, ಹಿಂದೇನಿದೆ ನೋಡು ಅಂತ ತಲೆ ತಿಂದ್ಯಲ್ಲ ಆರಿನ್. ನಿನ್ನ ಮನೇಲಿ ನಿನ್ನ ಗುರಿಯ ಹಿಂದೆ ಏನಿದೆ?"

(ನಾರ್ವೆ ಮೂಲದ ಲುಥೆರನ್ ಹೆಂಗಸು ಹಲ್ಲಿಯ ಗಾದೆ ಹೇಳುತ್ತಾಳೆಯೇ ಎಂದು ಕೇಳಬೇಡಿ. ಈ ಊರಿನ ಚಳಿಯಲ್ಲಿ ಹಲ್ಲಿಯೇ ಬದುಕುವುದಿಲ್ಲ. ಅವಳು ಹೇಳಿದ್ದು ಇದಕ್ಕಿಂತ ಖಾರವಾಗಿತ್ತು, ನಾನು ಅಷ್ಟರಲ್ಲಿ ಮುಗಿಸಿದೆ.)

ಆರಿನ್ ಹಲಗೆಗಳನ್ನು ಒಂದೊಂದಾಗಿ ಪಿಕಪ್ಪಿಗೆ ಹಾಕಿದ. ಅವನಿಗೆ ನಾಚಿಕೆಯಾಗಿತ್ತು, ಹೆದರಿಕೆಯೂ ಆಗಿತ್ತು. ನಾನು ಅವನ ಮುಖ ನೋಡಲಿಲ್ಲ.

೪

ಎರಡನೆಯ ಅಂತ್ಯ: ಆರಿನ್ ರೈಫಲ್ ಮಾರಿಬಿಡುತ್ತಾನೆ.

"ಮಾರಲ್ಲ," ಎಂದ ಆರಿನ್, ನಾನು ಇನ್ನೂ ಪೂರ್ಣವಿರಾಮ ಹಾಕಿರಲಿಲ್ಲ. "ಶೆರಿಫ್‌ಗೆ ಫೋನ್ ಮಾಡಿದ್ರೆ ಅವರು ಬರೋಷ್ಟ್ರಲ್ಲಿ ಕಾಫಿ ಕಾಸಿ, ಕುಡಿದು, ಲೋಟ ತೊಳೆದು ಒರೆಸಿಡಬಹುದು. ನಿಮಗೆ ಬರೆಯೋದು ಸುಲಭ ಮೇಷ್ಟ್ರೇ. ಆ ಮುದುಕಿಯ ಕೈ ನೀವು ನೋಡಿದ್ರಾ?"

ನೋಡಿದ್ದೆ. ಎರಡನೆಯ ಅಂತ್ಯವನ್ನೂ ಹೊಡೆದು ಹಾಕಿದೆ.

೫

ಸಂಜೆಗೆ ಮುಂಚೆ ಶಾಲೆಯ ಬಸ್ಸು ಬಂತು. ಮ್ಯಾರಿಟ್ ಬ್ಯಾಗು ಬಿಸಾಕಿ ಅಡುಗೆಮನೆಯ ಮೇಜಿನ ಮೇಲೆ ಕೂತಳು, ಅಜ್ಜಿ ಇಳಿ ಎಂದರೂ ಇಳಿಯಲಿಲ್ಲ. ಆರಿನ್ ಅವಳಿಗೆ ಬಿಸ್ಕತ್ತು ಕೊಟ್ಟು ತೀರಾ ಸಹಜವಾಗಿ ಕೇಳಲು ಹೋದ. ಸಹಜವಾಗಿ ಕೇಳುವುದು ಅವನಿಗೆ ಬಾರದು.

"ಪುಟ್ಟಿ, ಮನೆ ಒಳಗೆ ಏನೋ ಸದ್ದಾಯ್ತು ಅಂತಿಟ್ಕೋ. ದೊಡ್ಡ ಸದ್ದು. ಆಗ ನೀನು ಕೋಣೆ ಬಾಗಿಲು ಹಾಕ್ಕೊಂಡು ಮಂಚದ ಕೆಳಗೆ ಸೇರ್ಕೋಬೇಕು. ಆಯ್ತಾ?"

"ಊಹೂಂ."

"ಮತ್ತೆ ಏನ್ಮಾಡ್ತೀಯ?"

"ನಿನ್ನ ಹತ್ರ ಓಡಿಬರ್ತೀನಿ, ಗ್ರಾಂಪಾ."

"ದೀಪ ಇಲ್ದಿದ್ರೂ?"

"ದೀಪ ಇಲ್ದಿದ್ರೇನೇ ಜೋರಾಗಿ ಓಡ್ತೀನಿ. ಗುಡುಗಿದಾಗ ಬರ್ಲಿಲ್ವಾ? ನೀನು ಎದ್ದೇ ಇರ್ಲಿಲ್ಲ. ನಾನು ಕರೆದೆ, ನಿನಗೆ ಕೇಳಿಸಲಿಲ್ಲ."

ಆರಿನ್ ಕಿವಿಯ ಮೆಷಿನ್ ಬಿಚ್ಚಿಟ್ಟು ಮಲಗುವವನು. ರಾತ್ರಿ ಅವನ ಬಾಗಿಲಿನಿಂದ ನೋಡಿದರೆ ಮನೆಯೊಳಗಿನ ಆ ಓಣಿಯಲ್ಲಿ ಬರುವುದು ಕರಿಯ ಆಕಾರ ಮಾತ್ರ, ಅದಕ್ಕೆ ದನಿಯಿಲ್ಲ. ಗೋಡೆಯ ಹಿಂದೆ ಏನಿದೆ ಎಂದು ನಾವೆಲ್ಲ ಮಧ್ಯಾಹ್ನವಿಡೀ ಲೆಕ್ಕ ಹಾಕಿದ್ದೆವು. ಮಗು ಗೋಡೆಯ ಹಿಂದೆ ಇರುವುದೇ ಇಲ್ಲ. ಅವಳು ಗೋಡೆಯ ಈಚೆಗೆ ಇರುತ್ತಾಳೆ, ಬರಿಗಾಲಲ್ಲಿ, ಅವನ ಕಡೆಗೇ ಬರುತ್ತಿರುತ್ತಾಳೆ. ಅದಕ್ಕೆ ವರ್ಲಿನ್‌ನ ಅಂಗಡಿಯಲ್ಲಿ ಯಾವ ಡಬ್ಬಿಯೂ ಇಲ್ಲ.

ಆರಿನ್ ಎದ್ದು ಹೊರಗೆ ಹೋದ. ಗ್ಯಾರೇಜಿನಲ್ಲಿ ಏನೋ ಹುಡುಕುವವನಂತೆ ಸ್ವಲ್ಪ ಹೊತ್ತು ನಿಂತು, ಕಣ್ಣೊರೆಸಿಕೊಂಡು, ಸ್ಪ್ಯಾನರ್ ಹಿಡಿದುಕೊಂಡು ಬಂದ.

"ಮಂಚ ಬಿಚ್ಚೋಣ ಬಾ ಆರ್ಡಿಸ್. ಇವಳು ನಮ್ಮ ಕೋಣೆ ಒಳಗೇ ಮಲಗಲಿ. ನಮ್ಮ ಹಿಂದುಗಡೆ."

"ನನ್ನ ಹೊಲಿಗೆ ಮೆಷಿನ್?"

"ಅದು ಇವಳ ಕೋಣೆಗೆ ಹೋಗಲಿ."

"ಅದಕ್ಕೆ ಗುಂಡು ತಗುಲಿದ್ರೆ?"

"ಹೊಸದು ಕೊಡಿಸ್ತೀನಿ ಕಣೇ."

"ಹಾಗಿದ್ರೆ ತಗುಲಲಿ ಬಿಡು," ಎಂದಳು ಆರ್ಡಿಸ್. ಮ್ಯಾರಿಟ್ ನಕ್ಕಳು.

೬, ಅಥವಾ ಇದೇ ಕೊನೆ ಎಂದು ನಾನು ಅಂದುಕೊಂಡದ್ದು

ಮಂಚ ಬಂತು, ಹೊಲಿಗೆ ಮೆಷಿನ್ ಹೋಯಿತು. ರೈಫಲ್ ಬೀಗದ ಪೆಟ್ಟಿಗೆ ಸೇರಿತು. ತಾಮ್ರದ ಡಬ್ಬಿ ವರ್ಲಿನ್‌ಗೆ ವಾಪಸ್ಸು, ಟೊಳ್ಳು ಮೂತಿಯದು ಪೆಟ್ಟಿಗೆಯ ಮೇಲಿನ ಹಲಗೆಗೆ. ಮೂರನೆಯ ಅಂತ್ಯ ಬರೆಯಲು ನಾನು ಕುರ್ಚಿ ಎಳೆದುಕೊಂಡೆ. ಇನ್ನು ಕಳ್ಳನನ್ನು ಕರೆಯಬಹುದು. ಮಗು ಹಿಂದಿದೆ, ಆರಿನ್ ಬಾಗಿಲಲ್ಲಿದ್ದಾನೆ, ಎದುರಿಗೆ ಓಣಿ ಖಾಲಿ. ಒಂದು ಗುಂಡು ಹಾರಿದರೆ ತಪ್ಪೇನು? ಇಷ್ಟು ಪುಟ ತಾಳ್ಮೆಯಿಂದ ಕಾದ ನಿಮಗೂ ಒಂದು ಸಮಾಧಾನ.

ಆರಿನ್ ತನ್ನ ಬಾಗಿಲಲ್ಲಿ ನಿಂತು, ತರಗತಿಯಲ್ಲಿ ಹೇಳಿಕೊಡುವವನಂತೆ ಬೆರಳು ತೋರಿಸುತ್ತ ಹೋದ. "ಓಣಿ. ಅದರ ಹಿಂದೆ ಹೊಲಿಗೆ ಮೆಷಿನ್. ಅದರ ಹಿಂದೆ ಹೊರಗೋಡೆ, ಅದೂ ತೆಳುವೇ. ಅದರ ಹಿಂದೆ ಹೊಲ. ಹೊಲದ ಹಿಂದೆ..." ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದ. "ಮೇಷ್ಟ್ರೇ, ನೀವು ಬರೆಯೋಕೆ ಎಲ್ಲಿ ಕೂತ್ಕೋತೀರಿ?"

"ನಮ್ಮನೆ ಅಡುಗೆಮನೆಯ ಕಿಟಕಿ ಹತ್ತಿರ."

"ಯಾವ ಕಡೆ ಕಿಟಕಿ?"

ಹೊಲದ ಕಡೆಯದು.

"ಗುಂಡು ಅಷ್ಟು ದೂರ ಬರಲಿಕ್ಕಿಲ್ಲ," ಎಂದ ಅವನು.

"ಬರಲಿಕ್ಕಿಲ್ಲ ಅಂತಾರೆ," ಎಂದಳು ಆರ್ಡಿಸ್.

ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದೆ. ಯಾರದೋ ಮನೆಯಲ್ಲಿ ಗುಂಡು ಹಾರಿಸುವುದು ನನಗೆ ಇಷ್ಟು ಹೊತ್ತು ಎಷ್ಟು ಸಲೀಸಾಗಿತ್ತು.

(ಸಂಖ್ಯೆ ಹಾಕದ ಭಾಗ)

ಹಾಗಾದರೆ ಕಳ್ಳ ಬರುತ್ತಾನೋ ಇಲ್ಲವೋ ಎಂದು ನೀವು ಕೇಳುತ್ತೀರಿ. ನ್ಯಾಯವೇ. ಅವನೂ ಬಂಕಿನಿಂದ ಅದನ್ನೇ ಕೇಳುತ್ತಿದ್ದಾನೆ. ನಾನು ಅವನಿಗೆ ಬಾ ಎಂದೂ ಹೇಳಿಲ್ಲ, ಹೋಗು ಎಂದೂ ಹೇಳಿಲ್ಲ. ಹೋಗು ಎಂದರೆ ನನ್ನ ಕಥೆಯಿಂದ ಹೋದಾನು, ಬೇರೆ ಯಾರ ಮನೆಯ ಕಡೆಗೂ ಹೋಗುವುದಿಲ್ಲವೆಂದು ಏನು ಗ್ಯಾರಂಟಿ.

ನನ್ನ ಕೈಲಾದದ್ದು ಇಷ್ಟು: ನಾನು ರಾತ್ರಿಯನ್ನು ಬರೆಯುವುದಿಲ್ಲ. ಈ ಕಥೆಯಲ್ಲಿ ಹೊತ್ತು ಮುಳುಗುವುದಿಲ್ಲ. ಶಾಲೆಯ ಬಸ್ಸು ಆಗಷ್ಟೇ ಹೋಗಿದೆ, ಅಡುಗೆಮನೆಯಲ್ಲಿ ಬಿಸ್ಕತ್ತಿನ ಪುಡಿ ಬಿದ್ದಿದೆ, ಆರಿನ್‌ನ ಕಿವಿಯಲ್ಲಿ ಮೆಷಿನ್ ಇದೆ. ಸುತ್ತ ಬೆಳಕಿರುವಾಗ ಮ್ಯಾರಿಟ್ ಓಣಿಯುದ್ದಕ್ಕೂ ಓಡುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ. ರಾತ್ರಿ ನೀರು ಕುಡಿಯಲು ಎದ್ದು ಹೋದರೂ ಗುರುತು ಸಿಗಲೆಂದು ಅಜ್ಜ ಹೇಳಿಕೊಟ್ಟಂತೆ "ನಾನು, ನಾನು, ನಾನು" ಎಂದು ಕೂಗುತ್ತ ಓಡುತ್ತಾಳೆ. ಆರಿನ್ ಬಾಗಿಲಲ್ಲಿ ಬರಿಗೈಯಲ್ಲಿ ನಿಂತು ಪ್ರತಿ ಸಲವೂ ಅವಳನ್ನು ಹಿಡಿಯುತ್ತಾನೆ.

"ಅದೆಲ್ಲ ಸರಿ ಮೇಷ್ಟ್ರೇ," ಎನ್ನುತ್ತಾಳೆ ಆರ್ಡಿಸ್, "ಹಗಲು ಎಷ್ಟು ಹೊತ್ತು ತಡೆಯುತ್ತೆ? ಆ ಓಣಿಯ ದೀಪ ಒಂದು ಹಾಕಿಬಿಡಿ."

ಹಾಕಿದ್ದೇನೆ. ಬಿಸಿಲಿನಲ್ಲಿ ಅದು ಉರಿಯುತ್ತಿರುವುದು ಕಾಣುವುದಿಲ್ಲ, ಆದರೆ ಹಾಕಿದ್ದೇನೆ. ನೀವು ಈ ಪುಟ ಮಡಚುವಾಗ ದಯವಿಟ್ಟು ಆರಿಸಬೇಡಿ, ಆ ಮಗು ಇನ್ನೂ ಓಡುತ್ತಿದೆ.