ಸಿ ಇದ್ದಲ್ಲಿ ಜಿ

ಅದು ನನ್ನ ಪ್ರಯೋಗದ ಎಕ್ಸ್‌ರೇ ಫಿಲ್ಮು, ಮೂಲೆಯಲ್ಲಿರುವ ಆ ಮಸಿ ನನ್ನ ಹೆಬ್ಬೆರಳಿನದೇ, ಡಾರ್ಕ್‌ರೂಮಿನಲ್ಲಿ ಒದ್ದೆ ಕೈಯಲ್ಲಿ ಹಿಡಿದಿದ್ದೆ, ಈಗ ಮಧುಗಿರಿ ಕಾಲೇಜಿನ ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡದಾಗಿ ಬಿದ್ದಿದೆ, ಪ್ರೊಫೆಸರ್ ಮರುಳಸಿದ್ದಯ್ಯನವರು ಕೋಲು ಹಿಡಿದು ತೋರಿಸುತ್ತಿದ್ದಾರೆ, ಇದು ನಾವು ಎಂಬತ್ತೇಳರಲ್ಲೇ ಕಂಡಿದ್ದು, ಹೊರದೇಶದವರಿಗಿಂತ ಮುಂಚೆ — ನಾವು ಅಂತೆ, ನಾವು. ಕಿಟಕಿಗೆಲ್ಲ ಜಮಖಾನ ಕಟ್ಟಿ ಕತ್ತಲೆ ಮಾಡಿದ್ದಾರೆ, ಸೆಖೆ, ಸೆರಗಿನಲ್ಲಿ ಕತ್ತು ಒರೆಸಿಕೊಂಡರೂ ಬೆವರು, ಬೆಳಿಗ್ಗೆ ಪ್ರಿನ್ಸಿಪಾಲ್ ರೇಣುಕಯ್ಯನವರು ಬಂದು, ಗುಲ್ಷನ್ ಮೇಡಂ, ನೀವು ಅವ್ರ ಶಿಷ್ಯೆ ಅಂತಲ್ಲ, ವಂದನಾರ್ಪಣೆ ನೀವೇ ಮಾಡ್ಬುಡಿ, ಚೆಂದಾಗಿರ್ತದೆ. ಶಿಷ್ಯೆ. ಒಂದು ಆರ್‌ಎನ್‌ಎ ಎಳೆ ಪ್ರೋಟೀನಿನ ಹಂಗಿಲ್ಲದೆ ಇನ್ನೊಂದು ಎಳೆಯನ್ನು ತಬ್ಬಿ ಹಿಡಿದು ತುಂಡು ಮಾಡುತ್ತದೆಂದು ಮೊದಲು ಓದಿದ ದಿನ ನನಗೆ ಊಟ ಸೇರಿರಲಿಲ್ಲ, ಅದೇ ಕತ್ತರಿಯಿಂದ ಕಡಲೆಕಾಯಿ ಗಿಡದ ವೈರಸ್ಸನ್ನೂ ಕತ್ತರಿಸಬಹುದಲ್ಲ ಎಂದುಕೊಂಡಿದ್ದೆ, ಶಿರಾದಲ್ಲಿ ಅಬ್ಬಾನ ಕಡಲೆಕಾಯಿ ಮಂಡಿಗೆ ಪಾವಗಡದ ಕಡೆಯವರು ಬಾಡಿದ ಗಿಡ ಹಿಡಿದೇ ಬರುತ್ತಿದ್ದರು, ಕುಡಿಯೆಲ್ಲ ಎಂಡಿಪೋಯಿಂದಿ ಸಾಬ್, ಒಣಗೋಯ್ತು ನೋಡಿ, ಅಬ್ಬಾ ನನ್ನ ಕಡೆ ತಿರುಗಿ, ನಮ್ ಬೇಟಿ ಇದಕ್ಕೇ ಔಷಧಿ ಹುಡುಕ್ತಾವ್ಳೆ — ಎಷ್ಟು ಹೆಮ್ಮೆ ಆ ಮುದುಕನಿಗೆ. ಕತ್ತರಿ ಎಲ್ಲೆಂದರಲ್ಲಿ ಕತ್ತರಿಸುವುದಿಲ್ಲ, ಎದುರಿನ ಎಳೆಯಲ್ಲಿ ಜಿ, ಯು, ಸಿ ಎಂದು ಆರ್‌ಎನ್‌ಎಯ ಮೂರು ಅಕ್ಷರ ಸಾಲಾಗಿ ಬಂದರೆ ಆ ಸಿ ಆದಮೇಲೆ ಕಚಕ್, ಈ ಮರುಳಸಿದ್ದಯ್ಯನವರ ಲ್ಯಾಬಿನಲ್ಲಿ ನಾನು ಸಿ ತೆಗೆದು ಅಲ್ಲಿ ಜಿ ಇಟ್ಟೆ, ಮಿಕ್ಕದ್ದೆಲ್ಲ ಹಾಗೇ, ತಬ್ಬಿ ಹಿಡಿಯಿತು, ಕತ್ತರಿಸಲಿಲ್ಲ, ಫಿಲ್ಮಿನಲ್ಲಿ ಸಿ ಇದ್ದದ್ದು ತುಂಡಾಗಿ ಎರಡು ಪಟ್ಟಿ, ಜಿ ಇದ್ದದ್ದು ಇಡಿಯಾಗಿ ಒಂದೇ ದಪ್ಪ ಪಟ್ಟಿ. ಓಡಿಹೋಗಿ ತೋರಿಸಿದ್ದೆ ಇವರಿಗೆ. ಕನ್ನಡಕ ತೆಗೆಯದೆ, ಮೆಗ್ನೀಸಿಯಂ ಹಾಕೋದು ಮರೆತಿದ್ದೀಯ, ಅದಿಲ್ಲದೆ ಯಾವುದೂ ತುಂಡಾಗಲ್ಲ. ಸಾರ್, ಎರಡಕ್ಕೂ ಒಂದೇ ಸೀಸೆಯದ್ದು. ಹಾಗಾದ್ರೆ ಒಂದಕ್ಕೆ ಹಾಕಿ ಇನ್ನೊಂದಕ್ಕೆ ಮರೆತಿದ್ದೀಯ. ಮತ್ತೆ ಮಾಡಿದೆ, ಮತ್ತೆ ಅದೇ ಒಂದು ಪಟ್ಟಿ, ಆಗ ಎಲ್ಲರೆದುರು, ಕೈಯಲ್ಲಿ ಶಿಸ್ತಿಲ್ಲದವರಿಗೆ ಇದು ಒಗ್ಗಲ್ಲಮ್ಮ, ಹೋಗಿ ಪಾಠ ಹೇಳ್ಕೋ, ಮತ್ತು ಫೆಲೋಶಿಪ್ ಮುಂದುವರಿಸಲು ಅವರು ಸಹಿ ಹಾಕಲಿಲ್ಲ. ಫಿಲ್ಮು ಅಲ್ಲೇ ಉಳಿಯಿತು, ಈ ಕಾಲೇಜಿನ ಕೆಲಸ ಸಿಕ್ಕಾಗ ಅಬ್ಬಾ, ಮಧುಗಿರಿ ಹತ್ರಾನೇ ಅಲ್ವಾ ಬೇಟಿ, ಬಸ್ಸಿದೆ, ಎಂದು ಮಾತ್ರ.

ಮುಂದಿನ ಬೆಂಚಿನಿಂದ ದಾಸಮ್ಮ ಎದ್ದಳು, ತಾವರೆಕೆರೆಯ ಹುಡುಗಿ, ಸಾರ್, ಕಡೇ ಅಕ್ಷರ ಒಂದು ಬದಲಾದ್ರೆ ಕತ್ತರ್ಸಕಿಲ್ಲ ಅಂತ ನಿಮ್ಗೆ ಹೆಂಗೆ ಗೊತ್ತಾಯ್ತು? ಅವರು ನಗುತ್ತಾರೆ, ಅನುಮಾನ ಬಂತಮ್ಮ, ವಿಜ್ಞಾನಿಗೆ ಮೊದಲು ಅನುಮಾನ ಬರಬೇಕು — ಬಂದಿತ್ತಲ್ಲ, ನನ್ನ ಮೇಲೆ ಬಂದಿತ್ತಲ್ಲ. ಚಪ್ಪಾಳೆ, ಕೊನೆಯ ಸ್ಲೈಡು ಕಳಚಿತು, ಗೋಡೆಯ ಮೇಲೆ ಬರೀ ಬಿಳಿ ಚೌಕ, ನನ್ನ ಹೆಸರು ಕೂಗಿದರು, ಎದ್ದೆ, ಮೈಕು ತಣ್ಣಗಿದೆ, ಅಧ್ಯಕ್ಷರಿಗೆ ವಂದನೆ, ಅತಿಥಿಗಳಿಗೆ ವಂದನೆ, ಆಮೇಲೆ ಬಂದೇಬಿಟ್ಟಿತು, ದಾಸಮ್ಮ, ಆ ಪ್ರಯೋಗ ಮಾಡಿದ್ದು ನಾನು, ಆವತ್ತು ಸಾರ್ ಅದನ್ನು ತಪ್ಪು ಅಂದಿದ್ರು. ರೇಣುಕಯ್ಯನವರ ಕಾಲು ಅಲ್ಲಾಡುವುದು ನಿಂತಿತು. ಪ್ರೊಫೆಸರ್ ಕೂತಲ್ಲಿಂದಲೇ, ಎಷ್ಟು ಹಗುರವಾಗಿ, ಹೌದ್ಹೌದು, ನಮ್ಮ ಗುಲ್ಷನ್ ಆಗ ಲ್ಯಾಬಲ್ಲೇ ಇದ್ಲು, ಗಾಜಿನ ಸಾಮಾನು ಇವಳಷ್ಟು ಚೊಕ್ಕಟವಾಗಿ ತೊಳೆಯೋರು ಇರಲಿಲ್ಲ, ಒಂದು ಚಪ್ಪಾಳೆ ಕೊಡಿ ಇವ್ಳಿಗೆ. ಕೊಟ್ಟರು. ಎಲ್ಲರೂ ಕೊಟ್ಟರು, ದಾಸಮ್ಮನೂ ನನ್ನ ಮುಖ ನೋಡಿ ನಗುತ್ತಾ ಕೊಟ್ಟಳು, ನನಗೋಸ್ಕರ ಸಂತೋಷಪಟ್ಟು, ರೇಣುಕಯ್ಯನವರು ಎಲ್ಲರಿಗಿಂತ ಜೋರಾಗಿ, ಮುಗೀತಲ್ಲ ಮೇಡಂ, ಸಾಹೇಬ್ರು ಊಟಕ್ಕೆ ಏಳ್ಬೇಕು — ಇಲ್ಲ, ತೊಳೆದದ್ದಲ್ಲ, ನಾನು ಸಿ ತೆಗೆದು — ಮೈಕು ಆಗಲೇ ಬೇರೆಯವರ ಕೈಯಲ್ಲಿದೆ, ಕುರ್ಚಿ ಎಳೆಯುವ ಸದ್ದು, ಪ್ರೊಜೆಕ್ಟರ್ ಆರಿಸಲು ಮರೆತಿದ್ದಾರೆ, ಬಿಳಿ ಚೌಕ, ಅದರ ನಡುವೆ ನನ್ನ ತಲೆಯ ನೆರಳು, ದವಡೆ ಆಡುತ್ತಿದೆ, ಬಿಳಿ ಚೌಕ, ನೆರಳು, ಬಾಯಿ ಇರಬೇಕಾದ ಕಡೆ ಕಪ್ಪು, ಬಿಳಿ ಚೌಕದಲ್ಲಿ ಕಪ್ಪು