ಕುಕ್ಕರಿನ ಮೂರನೆಯ ಸೀಟಿ

ನನ್ನ ಗಂಡ ಮೂವತ್ತನಾಲ್ಕು ವರ್ಷ ರೈಲ್ವೆ ರಿಸರ್ವೇಶನ್ ಕೌಂಟರಿನಲ್ಲಿ ಕೂತು ಜನರಿಗೆ ಸೀಟಿಲ್ಲ ಎಂದು ಹೇಳಿದವರು. ನಿವೃತ್ತಿಯಾದ ಮರುದಿನವೇ, ಇನ್ನು ಈ ಜನ್ಮದಲ್ಲಿ ಯಾವುದನ್ನೂ ಬುಕ್ ಮಾಡುವುದಿಲ್ಲ ಎಂದು ಶಪಥ ಮಾಡಿದರು. ಹಾಸಿಗೆ, ಒಲೆ, ನೀರಿನ ಟ್ಯಾಂಕು, ಅಂಗೈಯಗಲದ ಬಚ್ಚಲು ಎಲ್ಲವನ್ನೂ ಕೂರಿಸಿದ ಹಳೆಯ ವ್ಯಾನೊಂದನ್ನು ಕೊಂಡು, ಅದರಲ್ಲಿ ನನ್ನನ್ನೂ ಕೂರಿಸಿಕೊಂಡು ಕಡಲಂಚಿನ ರಸ್ತೆ ಹಿಡಿದರು. ಎಲ್ಲಿ ಸಂಜೆಯಾಯಿತೋ ಅಲ್ಲೇ ಬಿಡಾರ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವನು ಈ ಗಾಡಿಯಲ್ಲೇ ಮಲಗಿದ್ದಿರಬೇಕು. ಒಂಬತ್ತು ದಿನದಿಂದ ನನ್ನ ಮೊಣಕಾಲು ನೆಟ್ಟಗಾಗಿಲ್ಲ.

ಒಮ್ಮೆ ಮೀನಿನ ಲಾರಿಗಳು ನಿಲ್ಲುವ ಐಸ್ ಫ್ಯಾಕ್ಟರಿಯ ಹಿಂದೆ ತಂಗಿದೆವು. ಅವರಿಗೆ ಸಂಭ್ರಮ.

"ನೋಡು, ಯಾರನ್ನೂ ಕೇಳ್ದೆ ಜಾಗ ಸಿಕ್ತು."

"ಯಾರೂ ಕೇಳದ ಜಾಗ ಸಿಗದೆ ಏನು ಮಾಡುತ್ತೆ?" ಎಂದೆ. ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಇಷ್ಟೆಲ್ಲ ಸಹಿಸಿಕೊಂಡದ್ದು ಒಂದೇ ಕಾರಣಕ್ಕೆ. ಈ ರಸ್ತೆಯ ಕೊನೆಯಲ್ಲಿ, ನೆಲ ಮುಗಿಯುವಲ್ಲಿ, ಅಕ್ಕನ ಮನೆಯಿದೆ. ಅಕ್ಕನೂ ನಾನೂ ಮಾತು ಬಿಟ್ಟು ಒಂಬತ್ತು ವರ್ಷ. ಅಮ್ಮ ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದು ನನ್ನನ್ನೇ ಕೇಳುತ್ತಿದ್ದಾಗ ಇವರು ಪಟ್ಟಿ ನೋಡಿ, "ವೇಟಿಂಗ್ ಲಿಸ್ಟ್ ನಲವತ್ತೊಂದು. ಸಾಲು ತಪ್ಪಿಸೋಕಾಗಲ್ಲ" ಎಂದಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಾನು ಪೂಜಾರಿಯನ್ನೇ ಕಟ್ಟಿಕೊಂಡಿದ್ದೆ. ನಾಲ್ಕನೆಯ ದಿನ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಲ್ಲೇ ಅಕ್ಕ ಕೇಳಿದಳು: "ಊರಿಗೆಲ್ಲ ಸೀಟು ಕೊಡೋ ಗಂಡ ನಿನಗೊಂದು ಕೊಡಿಸಲಿಲ್ವಾ?"

ಗಂಡನನ್ನು ಬೈಯಬೇಕಾದ ಬಾಯಲ್ಲಿ ಅಕ್ಕನನ್ನು ಬೈದೆ. "ಗಂಡ ಅನ್ನೋನು ಒಬ್ಬ ಇದ್ದಿದ್ರೆ ನಿನಗೆ ಗೊತ್ತಾಗ್ತಿತ್ತು" ಎಂದೆ. ನಮ್ಮನ್ನು ದಡ ಮುಟ್ಟಿಸಲೆಂದು ಮದುವೆಯನ್ನೇ ಮಾಡಿಕೊಳ್ಳದವಳಿಗೆ ಹೇಳಿದ ಮಾತು ಅದು. ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕಿತ್ತು, ಅವಳ ಅಡಿಗೆಮನೆಯಲ್ಲಿ, ಅವಳ ಎದುರಿಗೆ ಕೂತು.

ಈ ಸಲ ಅಕ್ಕನ ಊರು ಮುಟ್ಟುವ ಹಿಂದಿನ ದಿನ ಇವರನ್ನು ಕೇಳಿದೆ: "ರೀ, ಅಕ್ಕಂಗೆ ಒಂದು ಫೋನ್ ಮಾಡ್ಲಾ?"

"ಹೇಳಿ ಹೋದ್ರೆ ಅದೂ ಬುಕಿಂಗೇ ಅಲ್ವೇನೇ?" ಎಂದರು. ನಾನು ಫೋನನ್ನು ಚೀಲಕ್ಕೆ ಹಾಕಿದೆ. ಎಲ್ಲ ತಪ್ಪನ್ನೂ ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೇಳಿದರೆ ಬರಬೇಡ ಎಂದುಬಿಡುತ್ತಾಳೆ ಎಂಬ ಹೆದರಿಕೆ ನನಗೂ ಇತ್ತು.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಕ್ಕನ ಮನೆ ಸಿಕ್ಕಿತು. ಉಪ್ಪುಗಾಳಿಗೆ ಬಣ್ಣ ಕಿತ್ತುಹೋದ ಬಾಗಿಲು, ಪಕ್ಕದಲ್ಲಿ ಒಂದು ಕಿಟಕಿ, ಎಳೆದ ಪರದೆ. ಇವರು ಪೈಪು ಹಿಡಿದು ಟ್ಯಾಂಕು ತುಂಬಿಸಲು ನಲ್ಲಿ ಹುಡುಕುತ್ತ ಹಿತ್ತಲಿಗೆ ಹೋದರು. ಮೆಟ್ಟಿಲ ಮೇಲೆ ಚಪ್ಪಲಿ ಇರಲಿಲ್ಲ. ಒಳಗೆ ಕುಕ್ಕರ್ ಒಂದು ಸೀಟಿ ಹೊಡೆಯಿತು. ನನಗೆ ಜೀವ ಬಂದಂತಾಯಿತು. ಬಾಗಿಲು ತಟ್ಟಿದೆ. ಎರಡನೆಯ ಸೀಟಿಯೂ ಆಯಿತು. ಯಾರೂ ಬರಲಿಲ್ಲ.

"ಅಕ್ಕಾ, ನಾನು, ಪುಟ್ಟಿ" ಎಂದೆ.

ಮೂರನೆಯ ಸೀಟಿ ಶುರುವಾಗಿ ಅರ್ಧಕ್ಕೇ ನಿಂತಿತು. ಒಳಗೆ ಯಾರೋ ಒಲೆ ಆರಿಸಿ ಕುಕ್ಕರನ್ನು ಕೆಳಗಿಳಿಸಿದ್ದರು.

ಅದು ನಾವು ಚಿಕ್ಕವರಿದ್ದಾಗಿನ ನಮ್ಮ ಮನೆಯ ವಿದ್ಯೆ. ಅಮ್ಮ ಕೆಲಸಕ್ಕೆ ಹೋದ ಮೇಲೆ, ಹೇಳದೆ ಕೇಳದೆ ನೆಂಟರು ಬಂದರೆ ತಟ್ಟೆಗೆ ಹಾಕಲು ಏನೂ ಇರುತ್ತಿರಲಿಲ್ಲ. ಅಕ್ಕ ಚಪ್ಪಲಿ ಒಳಗೆ ಎಳೆದುಕೊಂಡು, ಒಲೆ ಆರಿಸಿ, ನನ್ನನ್ನು ಕಿಟಕಿಯ ಕೆಳಗೆ ಗೋಡೆಗೊರಗಿಸಿ ಕೂರಿಸುತ್ತಿದ್ದಳು. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅದಕ್ಕೇ ನನ್ನ ಬಾಯಿಯ ಮೇಲೆ ಅವಳ ಕೈ. ಆ ಕೈಗೆ ಬಟ್ಟೆ ಸೋಪಿನ ರುಚಿ. ಒಮ್ಮೆ ಚಿಕ್ಕಪ್ಪ ಅರ್ಧ ಗಂಟೆ ಹೊರಗೆ ನಿಂತಿದ್ದು ಹೋದರು, ಪಾಪ. ನಾವು ಆಮೇಲೆ ಬಿದ್ದು ಬಿದ್ದು ನಕ್ಕಿದ್ದೆವು.

ಹೆಸರು ಹೇಳುವ ಮೊದಲೇ ಒಲೆ ಆರಿದ್ದರೆ, ಯಾರೋ ಪ್ರವಾಸಿಗರು ನೀರು ಕೇಳಲು ಬಂದರೆಂದು ತಿಳಿದಳು ಎನ್ನಬಹುದಿತ್ತು. ಹೆಸರು ಹೇಳಿದ ಮೇಲೆ ಆರಿತು.

ನಾನು ಕಿಟಕಿಯ ಕೆಳಗೆ, ಹೊರಗಿನಿಂದ, ಗೋಡೆಗೆ ಒರಗಿ ಕೂತೆ. ಇಟ್ಟಿಗೆಯ ಆಚೆ ಅವಳ ಬೆನ್ನಿದೆ ಎಂದು ನನಗೆ ಗೊತ್ತಿತ್ತು. ಹೇಳಬೇಕಾದ ಮಾತನ್ನು ಅಲ್ಲಿಂದಲೇ ಹೇಳಬಹುದಿತ್ತು. "ಅಕ್ಕಾ, ಅವತ್ತು ಹಾಗೆ ಅನ್ನಬಾರದಿತ್ತು" ಎಂದೂ ಹೇಳಿದೆ. ನನ್ನ ದನಿ ನನಗೇ ಕೇಳಿಸಿತು. ಒಳಗೆ ಏನೂ ಅಲುಗಲಿಲ್ಲ. ಅಳು ಒತ್ತರಿಸಿ ಬಂತು. ಅವಳಿಗೆ ಕೇಳಿಸಬಾರದೆಂದು ನನ್ನ ಬಾಯಿಯ ಮೇಲೆ ನಾನೇ ಕೈ ಇಟ್ಟುಕೊಂಡೆ.

ಇವರು ಪೈಪು ಸುತ್ತುತ್ತ ಬಂದರು. "ಟ್ಯಾಂಕ್ ಫುಲ್ಲು. ಇದ್ದಾರಾ ನಿಮ್ಮಕ್ಕ?"

ಹಿತ್ತಲ ಬಾಗಿಲನ್ನೂ ತಟ್ಟಿಸಬಹುದಿತ್ತು. ಅವರು ತಟ್ಟುವುದರಲ್ಲಿ ಗಟ್ಟಿಗರು. ಆದರೆ ಆ ಆಟಕ್ಕೆ ಒಂದು ನಿಯಮವಿತ್ತು: ಒಳಗಿದ್ದವರನ್ನು ಬಿಟ್ಟುಕೊಡಬಾರದು.

"ಯಾರೂ ಇಲ್ಲ" ಎಂದೆ, ಒಳಗೆ ಕೇಳಿಸುವಷ್ಟು ಜೋರಾಗಿ.

"ಹೋಗ್ಲಿ ಬಿಡು. ಹೇಳ್ದೆ ಬಂದ್ರೆ ಇದೇ ಮಜಾ. ಸಿಕ್ಕಿದ್ರೆ ಸಿಕ್ಕಿದ್ರು, ಇಲ್ದಿದ್ರೆ ಮುಂದಿನ ಊರು" ಎಂದು ಅವರು ಗಾಡಿ ಹತ್ತಿದರು.

ಮುಂದೆ ಊರಿರಲಿಲ್ಲ, ರಸ್ತೆ ಅಲ್ಲಿಗೇ ಮುಗಿದಿತ್ತು. ಅವರು ಗಾಡಿಯನ್ನು ಹಿಂದೆ ಮುಂದೆ ಮಾಡಿ ತಿರುಗಿಸುವಷ್ಟು ಹೊತ್ತೂ ನಾನು ಆ ಪರದೆಯನ್ನೇ ನೋಡುತ್ತಿದ್ದೆ.