ಸುಮೇರಾಳ ಡೋಲೆ

“ಸರೀರಿ ಅಬ್ಬಾ, ನಾ ಇಳೀತೀನಿ,” ಎಂದು ಆರಿಫ ಅಪ್ಪನ ರಟ್ಟೆ ಹಿಡಿದ. ಖಮರುದ್ದೀನ್ ಆಗಲೇ ಚಪ್ಪಲಿ ಬಿಟ್ಟು ಒಂದು ಕಾಲನ್ನು ಗೋರಿಯ ಗುಂಡಿಯೊಳಗೆ ಇಳಿಬಿಟ್ಟಿದ್ದ.

“ನಿಮ್ಮ ಮೊಣಕಾಲು ಮಾತು ಕೇಳಂಗಿಲ್ಲ. ಬಿದ್ದು ಗಿದ್ದೀರಿ.”

“ಇಳಿಸಿಕೊಳ್ಳಾಂವ ನಾನು. ನೀ ಮ್ಯಾಲಿಂದ ಕೊಡು.”

ಆರಿಫನ ಮಗಳು, ಹತ್ತು ವರ್ಷದ ಸುಮೇರಾ, ಬಿಳಿ ಬಟ್ಟೆ ಸುತ್ತಿಕೊಂಡು ಪಕ್ಕದಲ್ಲೇ ಕಾಯುತ್ತಿದ್ದಳು. ಕಾಯುವುದು ಅವಳಿಗೆ ಎಂದೂ ಒಗ್ಗಿದ್ದಲ್ಲ. ರೊಟ್ಟಿಯನ್ನೂ ನಿಂತೇ ತಿಂದು ಓಡುತ್ತಿದ್ದ ಹುಡುಗಿ.

“ಇಳೀಲಿ ಬಿಡಪಾ ಆರಿಫ. ನಾ ನಿಂತೀನಲ್ಲ,” ಎಂದ ಮೋರಖಂಡಿಯ ಮಡೆಪ್ಪ. ಪ್ರಾಯದಲ್ಲಿ ಹುಮನಾಬಾದಿನ ಕುಸ್ತಿ ಕಣದಲ್ಲಿ ಖಮರುದ್ದೀನನ ಬೆನ್ನಿಗೆ ಮಣ್ಣು ಹಚ್ಚಿದವನು ಇವನೊಬ್ಬನೇ. ಆಮೇಲಿನ ದೋಸ್ತಿಗೆ ಅದೇ ಬುನಾದಿ.

*

ಮೊದಲೆಲ್ಲ ಸಂಜೆ ಚಹಾ ಆಯಿತೆಂದರೆ ಕಟ್ಟೆಯ ಮೇಲೆ ಪಂಜಾ, ಕೈ ಮಣಿಸುವ ಪಂದ್ಯ. ಮೊಣಕೈ ಊರಿ, ಅಜ್ಜನ ಅಂಗೈಗೆ ಅಂಗೈ ಕೊಟ್ಟು, ಸುಮೇರಾ ಹಲ್ಲು ಕಚ್ಚಿ ಒತ್ತುತ್ತಿದ್ದಳು.

“ದಾದಾ, ಮೊಣಕೈ ಎದ್ದರ ಸೋತಂಗ!”

ಕಾಯ್ದೆ ಅವಳದೇ. ಮುದುಕ ಅಯ್ಯೋ ಅಮ್ಮಾ ಎಂದು ನಾಟಕ ಮಾಡಿ ಸೋಲುತ್ತಿದ್ದ. ಓಣಿಯ ಹುಡುಗರನ್ನು ಮಾತ್ರ ಅವಳು ನಿಜವಾಗಿಯೇ ಸೋಲಿಸಿದ್ದಳು.

ಒಂದು ಸಂಜೆ ಬಲತೋಳು ಮಡಚಿ ತೋರಿಸಿದಳು. ರಟ್ಟೆಯ ಖಂಡದಂತೆ ಗಟ್ಟಿಯಾದ ಉಬ್ಬು. ಖಮರುದ್ದೀನ್ ಒತ್ತಿ ನೋಡಿ ಓಣಿಗೆಲ್ಲ ಕೇಳುವಂತೆ ಕೂಗಿದ. “ಬಿಸ್ಮಿಲ್ಲಾ, ಬಂದು ನೋಡು! ಹುಡುಗಿಗಿ ಪೈಲ್ವಾನರ ಡೋಲೆ ಬಂದಾವು!”

ಹೆಂಡತಿ ಬಿಸ್ಮಿಲ್ಲಾ ಬೀ ಒಳಗಿನಿಂದ ಬಂದು ನೋಡಿದಳು. “ಎಡಗೈಗಿ ಯಾಕ ಬಂದಿಲ್ರಿ?”

“ಪಂಜಾ ಆಡೋದು ಬಲಗೈಲೆ. ನಿನಗೇನ ಗೊತ್ತು?”

ಅಂದಿನಿಂದ ಮೊಮ್ಮಗಳ ಹಾಲಿಗೆ ಬಾದಾಮಿ ಬಿತ್ತು. ಚಿಟಗುಪ್ಪದಿಂದ ಬಂದ ಬೀಗರಿಗೂ ಆ ತೋಳು ತೋರಿಸಿ ಅವನು ಮೆರೆದ.

*

ಹೈದರಾಬಾದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಚಿತ್ರ ಬರೆದು ತಿಳಿಸಿದಳು. ತೋಳಿನ ಆ ಉಬ್ಬು ಕ್ಯಾನ್ಸರಿನ ಗಂಟು. ಮಾಂಸಖಂಡವಾಗಬೇಕಿದ್ದ ಜೀವಕೋಶಗಳು ನಡುದಾರಿಯಲ್ಲೇ ನಿಂತುಬಿಟ್ಟಿವೆ. ಒಂದೇ ಗಂಟಿನಲ್ಲಿ ಬಗೆಬಗೆಯವು. ಕೆಲವು ಖಂಡದ ಸಮೀಪ ಬಂದಿವೆ, ಕೆಲವು ಇನ್ನೂ ಏನೂ ಆಗಿಲ್ಲ. ಬಲಿಯುವುದನ್ನು ಬಿಟ್ಟು ಬರೀ ಹೆಚ್ಚುತ್ತಿವೆ. ಒಂದಕ್ಕೆ ಹತ್ತಿದ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ. ಇದು ಪಂಜಾದಿಂದ ಬಂದದ್ದಲ್ಲ, ಬಾದಾಮಿಯಿಂದಲೂ ಅಲ್ಲ, ಯಾರ ತಪ್ಪೂ ಅಲ್ಲ.

ಕೂದಲುದುರಿ ಮಲಗಿದ್ದ ಸುಮೇರಾ ಅಜ್ಜನನ್ನು ಕೇಳಿದಳು. “ಏನಂದ್ರು ದಾದಾ?”

“ನಮ್ಮ ಹಳೇ ತಾಲೀಮಿನ ಹುಡುಗ್ರಂಗ ಅವು. ಒಬ್ಬಾಂವ ನಾಕು ಪಟ್ಟು ಕಲತು ಬಿಟ್ಟಾನ, ಒಬ್ಬಾಂವ ಬರೇ ಲಂಗೋಟಿ ಕಟ್ಟಿ ನಿಂತಾನ. ಮಂದಿ ತುಂಬ್ಯಾರ, ಒಬ್ಬನೂ ಪೈಲ್ವಾನ ಆಗಿಲ್ಲ.”

ಹುಡುಗಿ ನಕ್ಕಳು. “ಅಂದ್ರ ನೀವು ಪೂರಾ ಸುಳ್ಳು ಹೇಳಿದ್ದಿಲ್ಲ. ಡೋಲೆ ಆಗಬೇಕಂತನ ಹೊಂಟಿದ್ವು.”

ಮುದುಕ ಅವಳ ಹೊದಿಕೆ ಸರಿಮಾಡಲು ಬಗ್ಗಿದ. ಅಷ್ಟರಲ್ಲಿ ಅವಳು ಎಡ ಮೊಣಕೈಯನ್ನು ಹಾಸಿಗೆಗೆ ಊರಿದ್ದಳು. “ಬರ್ರಿ. ಇವತ್ತ ಖೊಟ್ಟಿ ಸೋಲಬ್ಯಾಡ್ರಿ.”

ಅವನು ಸೋಲಲಿಲ್ಲ, ಒತ್ತಲೂ ಇಲ್ಲ. ಎರಡು ಕೈ ಸುಮ್ಮನೆ ನಿಂತಿದ್ದವು. ನರ್ಸ್ ಸಲಾಯಿನ್ ಹಚ್ಚಲು ಬಂದಳು. “ನಾಳಿ ನೋಡ್ತೀನಿ ನಿಮ್ಮನ್ನ,” ಎಂದು ಸುಮೇರಾ ಕೈ ಬಿಟ್ಟಳು. ಆ ಪಂಜಾ ಹಾಗೆಯೇ ಉಳಿಯಿತು.

*

ಆರಿಫ ಮಗಳನ್ನು ಮೇಲಿನಿಂದ ಕೊಟ್ಟ. ಖಮರುದ್ದೀನ್ ಎರಡೂ ಕೈ ಚಾಚಿ ಇಳಿಸಿಕೊಂಡ. ಮೈಯೆಲ್ಲ ಹಗುರಾಗಿತ್ತು, ಬಲತೋಳಿನ ಉಬ್ಬು ಮಾತ್ರ ಬಟ್ಟೆಯೊಳಗಿನಿಂದ ಅಂಗೈಗೆ ಗಟ್ಟಿಯಾಗಿ ಸಿಕ್ಕಿತು. ಅವನಿಗೆ ಅಸಹ್ಯವಾಗಲಿಲ್ಲ, ಸಿಟ್ಟೂ ಬರಲಿಲ್ಲ. ಮೊದಲ ದಿನದಂತೆ ಮೆಲ್ಲಗೆ ಒತ್ತಿದ. ಮುಖವನ್ನು ಪಶ್ಚಿಮಕ್ಕೆ, ಕಿಬ್ಲಾದ ಕಡೆ ತಿರುಗಿಸಿ ಕಫನಿನ ಬಟ್ಟೆಯ ಗಂಟು ಸಡಿಲಿಸಿದ.

ಇನ್ನು ಮೇಲೇರಬೇಕು, ಮೊಣಕಾಲು ಕೇಳಲಿಲ್ಲ. ಗುಂಡಿಯ ಅಂಚಿಗೆ ಮೊಣಕೈ ಊರಿ ಕೈ ಎತ್ತಿ ಹಿಡಿದ. ಮಡೆಪ್ಪ ಬಗ್ಗಿ ಅಂಗೈಗೆ ಅಂಗೈ ಕೊಟ್ಟ.

“ಬರ್ರಿ ಖಮರಭಾಯಿ. ಮೊಣಕೈ ಎತ್ರಿ.”

ಖಮರುದ್ದೀನ್ ಎತ್ತಲಿಲ್ಲ.

“ಅಬ್ಬಾ, ಎತ್ರಿ,” ಎಂದು ಆರಿಫನೂ ಬಗ್ಗಿದ.

ಮುದುಕ ಕತ್ತು ತಿರುಗಿಸಿ ಕೆಳಗೆ ನೋಡಿದ. “ಸೋತೆ ನೋಡು ಬೇಟಿ,” ಎಂದು ಮೊಣಕೈ ಎತ್ತಿದ. “ಈ ಸಲ ಖೊಟ್ಟಿ ಅಲ್ಲ.”

ಇಬ್ಬರೂ ಸೇರಿ ಎಳೆದುಕೊಂಡರು. ಹಸಿ ಮಣ್ಣಿನ ಅಂಚಿನಲ್ಲಿ ಮೊಣಕೈಯ ಗುಳಿ ಉಳಿದಿತ್ತು. ಹಲಗೆ ಮುಚ್ಚಿದ ಮೇಲೆ ಎಲ್ಲರೂ ಮಣ್ಣು ಕೊಡಲು ಬಗ್ಗಿದರು. ಮಡೆಪ್ಪ ಆ ಗುಳಿಯನ್ನು ತಪ್ಪಿಸಿ, ಆಚೆಗಿನ ಮಣ್ಣಿನಿಂದ ಮುಷ್ಟಿ ತುಂಬಿಕೊಂಡ.